ಬಲಗೈ ಎತ್ತಿ, ನಡಿಗೆಯಲ್ಲಿ

ಜಾಗಟೆಯ ಮೇಲೆ ಒಂದೇ ಏಟು. ಢಣ್ ಎಂದು ಹುಟ್ಟಿದ ಆ ಸದ್ದು ಚಾಮುಂಡಿ ಬೆಟ್ಟದ ಹಿಂಬದಿಯ ಬಯಲಿನಲ್ಲಿ ಎಷ್ಟೋ ಹೊತ್ತು ಕರಗದೆ ನಿಲ್ಲುತ್ತಿತ್ತು. ಅದು ಕರಗುವ ಹೊತ್ತಿಗೆ ಯಾವುದೋ ಕುದುರೆ ಮೂಗಿನಿಂದ ಫುರ್ ಎಂದು ಗಾಳಿ ಬಿಡುತ್ತಿತ್ತು, ತೊಗಲಿನ ಜೀನು ಕಿರುಗುಟ್ಟುತ್ತಿತ್ತು. ಈಗಲೂ ಕೃಷ್ಣಮೂರ್ತಿಪುರಂನ ನಮ್ಮ ಮನೆಯ ಹತ್ತಿರದ ಗುಡಿಯಲ್ಲಿ ಮಂಗಳಾರತಿಗೆ ಜಾಗಟೆ ಬಡಿದರೆ, ಕೈ ಮುಗಿಯುವ ಮೊದಲು ನನ್ನ ಕಣ್ಣ ಮುಂದೆ ಒಬ್ಬಳು ಹುಡುಗಿ ಕುದುರೆಯ ಮೇಲೆ ನೆಟ್ಟಗೆ ಕೂತು ಮೈದಾನದೊಳಗೆ ಬರುತ್ತಾಳೆ. ದೇವರು ಕ್ಷಮಿಸಲಿ.

ಕುದುರೆ ಸ್ಪರ್ಧೆಯ ರೂಲ್ ಬುಕ್ಕಿನಲ್ಲಿ ಇದ್ದದ್ದು ಬೆಲ್ ಎಂದು. ಜಡ್ಜ್ ಬೆಲ್ ಬಾರಿಸಿದ ಮೇಲೆ ಸವಾರರು ಇಂತಿಷ್ಟು ಸೆಕೆಂಡಿನೊಳಗೆ ಒಳಗೆ ಬರಬೇಕು. ದಾರಿ ತಪ್ಪಿದರೆ ಮತ್ತೆ ಬೆಲ್. ದೇವರಾಜ ಮಾರ್ಕೆಟ್ಟಿನಲ್ಲಿ ಒಳ್ಳೆಯ ಹಿತ್ತಾಳೆ ಗಂಟೆ ಸಿಗುತ್ತದೆ, ತರಲೇ ಎಂದು ನಾನು ಕೇಳಿದ್ದೆ. "ನಮ್ಮಪ್ಪನ್ ಮನೇಲಿ ಅಜ್ಜನ ಕಾಲದ್ದು ಜಾಗಟೆ ಬಿದ್ದೈತೆ, ಮಠಕ್ಕೂ ಕೇಳ್ಸೋದು. ಅದಕ್ಯಾಕೆ ಗಂಟೆ?" ಎಂದರು ಸವಾರಿ ಕಲಿಸುತ್ತಿದ್ದವರು. ಹೊರಗಿನಿಂದ ಬಂದ ಸೈನ್ಯದ ಜಡ್ಜುಗಳು ಮೊದಲ ಏಟಿಗೆ ಕುರ್ಚಿಯಲ್ಲಿ ಬೆಚ್ಚಿ, ಆಮೇಲೆ ಅದನ್ನೇ ಇಷ್ಟಪಟ್ಟರು.

ಕಳೆದ ತಿಂಗಳು ಮಗಳು ಚಿತ್ರ ಕ್ಲಿನಿಕ್ಕಿನಿಂದ ಬಂದವಳು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು, "ಅಮ್ಮಾ, ಅಕ್ಕ ಹೋಗ್ಬಿಟ್ರಂತೆ" ಎಂದಳು. ಯಾವ ಅಕ್ಕ ಎಂದು ನಾನು ಕೇಳಲಿಲ್ಲ. ನಮ್ಮ ಮನೆಯಲ್ಲಿ ಅಕ್ಕ ಎಂದರೆ ಒಬ್ಬರೇ. ನನಗಿಂತ ಆರೇಳು ವರ್ಷಕ್ಕೆ ಚಿಕ್ಕವರು. ಮಕ್ಕಳೆಲ್ಲ ಅಕ್ಕ ಎನ್ನುತ್ತಿದ್ದರಿಂದ ನನಗೂ ಅಕ್ಕನೇ ಆದರು. ಹೆಸರು ಬರೆಯುವುದಿಲ್ಲ. ಗೆದ್ದ ಕಪ್ಪಿನ ಮೇಲೆ ಹೆಸರು ಕೆತ್ತಿಸಲು ಹೋದಾಗಲೂ "ಕುದ್ರೆ ಹೆಸ್ರು ಹಾಕ್ಸಿ ಸಾಕು" ಎಂದವರು.

ಮಂಡಿ ಮೊಹಲ್ಲಾದಲ್ಲಿ ಅವರ ತಂದೆಯದು ಹುರುಳಿ ವ್ಯಾಪಾರ. ರೇಸಿನ ಲಾಯಗಳಿಗೆ ಮೂಟೆ ಇಳಿಸಲು ಹೋಗುವ ಗಾಡಿಯಲ್ಲಿ ಚಿಕ್ಕವರಿದ್ದಾಗಿನಿಂದ ಕೂತು ಹೋಗಿ, ಅಲ್ಲೇ ಕುದುರೆಯ ಹುಚ್ಚು ಹಿಡಿಸಿಕೊಂಡರಂತೆ. ಆಮೇಲೆ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಫಿಸಿಕಲ್ ಎಜುಕೇಷನ್ ಲೆಕ್ಚರರ್ ಆಗಿದ್ದರು, ಮದುವೆಯಾಗಲಿಲ್ಲ. ತೊಂಬತ್ತರ ದಶಕ ಶುರುವಾದಾಗ ಕೆಲಸ ಬಿಟ್ಟು, ಮನೆತನದವರು ಹಿಂದೆ ಹುರುಳಿ ಒಣಗಿಸುತ್ತಿದ್ದ ಜಮೀನಿನಲ್ಲಿ ಲಾಯ ಕಟ್ಟಿ, ಮಕ್ಕಳಿಗೆ ಸವಾರಿ ಕಲಿಸತೊಡಗಿದರು. ರೇಸಿನಿಂದ ಹೊರಗೆ ಬಿದ್ದ ಕುದುರೆಗಳೇ ಅವರ ಆಸ್ತಿ. ರೇಸಿನಲ್ಲಿ ಅವುಗಳಿಗೆ ದೊಡ್ಡ ದೊಡ್ಡ ಇಂಗ್ಲಿಷ್ ಹೆಸರು. ಇಲ್ಲಿಗೆ ಬಂದ ಮೇಲೆ ಬೆಲ್ಲ, ಕೊಬ್ಬರಿ, ಜೀರಿಗೆ, ಮೆಣಸು. "ರಾಯಲ್ ಅಂತೀರಿ, ಪ್ರಿನ್ಸೆಸ್ ಅಂತೀರಿ, ಹಿಂಗಂದ್ರೆ ಅದುಕ್ಕೆ ಹೊಟ್ಟೆ ತುಂಬ್ತದಾ?" ಎನ್ನುವರು.

ಹಣೆಗೆ ಮೂರು ಪಟ್ಟೆ ವಿಭೂತಿ ಇಟ್ಟು ಅದರ ಮೇಲೆ ಹೆಲ್ಮೆಟ್ ಹಾಕುವರು. ಬಿಸಿಲೇರಿ ಹೆಲ್ಮೆಟ್ ತೆಗೆದಾಗ ಮೂರೂ ಬೆವರಿಗೆ ಕಲೆತು ಒಂದೇ ಪಟ್ಟೆ ಆಗಿರುತ್ತಿತ್ತು. ಕುಳ್ಳು, ಗಟ್ಟಿ ಮೈ. ನಿಂತರೆ ಕುದುರೆಯ ಕುತ್ತಿಗೆಯವರೆಗೂ ಬರುತ್ತಿರಲಿಲ್ಲ. ಆದರೆ ಅವರು ಹತ್ತಿರ ಬಂದರೆ ಎಂಥ ಕುದುರೆಯೂ ತಲೆ ತಗ್ಗಿಸುತ್ತಿತ್ತು. ಗೌರವದಿಂದ ಎಂದು ನಾನು ಅಂದುಕೊಂಡಿದ್ದೆ. "ಜೇಬಲ್ಲಿ ಕಡ್ಲೆ ಇರ್ತದೆ ಕಣ್ರೀ, ಅದುಕ್ಕೆ" ಎಂದರು.

ನಮ್ಮ ಯಜಮಾನರು ಹೋದ ಮೇಲೆ ಚಿತ್ರ ಮಾತು ಬಹಳ ಕಡಿಮೆ ಮಾಡಿದ್ದಳು. ಲೇಟ್ ಚೈಲ್ಡ್, ನಮಗೆ ತಡವಾಗಿ ಹುಟ್ಟಿದವಳು, ಅಪ್ಪನ ಬಾಲದ ಹಾಗೆ ಬೆಳೆದವಳು. ಸ್ಕೂಲಿನವರು ಯಾವುದಾದರೂ ಆಕ್ಟಿವಿಟಿಗೆ ಹಾಕಿ ಎಂದರು. ವೀಣೆ ಬೇಡ, ಸ್ವಿಮ್ಮಿಂಗ್ ಬೇಡ. ಕುದುರೆ ಎಂದಳು. ನಾನು ಕಾನ್ವೆಂಟಿನ ಸಿಸ್ಟರ್ಸ್ ಕೈಯಲ್ಲಿ ಓದಿದವಳು; ಹೆಣ್ಣುಮಕ್ಕಳು ಓಡುವಾಗಲೂ ಮೊಣಕಾಲು ಕಾಣಬಾರದು ಎಂದು ಕಲಿತವಳು. ಆದರೂ ಕರೆದುಕೊಂಡು ಹೋದೆ. ಕುದುರೆಯನ್ನು ಹತ್ತಿರದಿಂದ ನೋಡಿದರೆ ಹೆದರಿ ವಾಪಸ್ ಬರುತ್ತಾಳೆ ಎಂಬುದು ನನ್ನ ಪ್ಲಾನ್. ಹೆದರಿದವಳು ನಾನು ಒಬ್ಬಳೇ.

ಈ ಆಟಕ್ಕೆ ಇವೆಂಟಿಂಗ್ ಎಂದು ಹೆಸರು. ಒಂದೇ ಕುದುರೆ, ಒಬ್ಬರೇ ಸವಾರರು, ಮೂರು ಪರೀಕ್ಷೆ. ಮೊದಲನೆಯದು ಡ್ರೆಸಾಜ್: ಮೈದಾನದಲ್ಲಿ ಅಳತೆಯ ಹೆಜ್ಜೆ, ವೃತ್ತ, ನಿಲುವು. ಎರಡನೆಯದು ಕ್ರಾಸ್ ಕಂಟ್ರಿ: ಬಯಲಿನಲ್ಲಿ ದಿಮ್ಮಿ, ಹಳ್ಳ, ನೀರು, ದಿಬ್ಬ ಹಾರಿಕೊಂಡು ಓಟ. ಮೂರನೆಯದು ಬಣ್ಣದ ಕಂಬಗಳನ್ನು ಬೀಳಿಸದೆ ಹಾರುವುದು. ನಾನು ಮೊದಲ ದಿನ ಇದೇನು ಎಂದು ಕೇಳಿದಾಗ ಅಕ್ಕ ಹೇಳಿದ್ದು ಇಷ್ಟು: "ಮೊದಲನೇ ದಿನ ಮಾತು ಕೇಳ್ತದಾ ಅಂತ ನೋಡ್ತಾರೆ. ಎರಡನೇ ದಿನ ಧೈರ್ಯ ಐತಾ ಅಂತ. ಮೂರನೇ ದಿನ, ಇವೆರಡೂ ಖರ್ಚಾದ್ಮೇಲೆ ಇನ್ನೇನಾರ ಮಿಕ್ಕೈತಾ ಅಂತ." ಆಮೇಲೆ ನಾನು ರೂಲ್ ಬುಕ್ಕು ಪೂರ್ತಿ ಓದಿದೆ, ಪೆನ್ಸಿಲ್ಲಿನಲ್ಲಿ ಗೆರೆ ಹಾಕಿ. ಇದಕ್ಕಿಂತ ಹೆಚ್ಚು ಅದರಲ್ಲೂ ಇರಲಿಲ್ಲ.

ಲೆವೆಲ್ಲುಗಳಿಗೂ ಅವರದೇ ಹೆಸರು. ಪುಸ್ತಕದಲ್ಲಿ ಪ್ರೀ-ನಾವಿಸ್, ನಾವಿಸ್ ಎಂದೆಲ್ಲ ಇದ್ದದ್ದು ನಮ್ಮ ಮೈದಾನದಲ್ಲಿ ಮೊಣಕಾಲು ಕ್ಲಾಸು, ತೊಡೆ ಕ್ಲಾಸು, ಸೊಂಟದ ಕ್ಲಾಸು. ಅಷ್ಟಷ್ಟು ಎತ್ತರದ ಬೇಲಿ. "ಯಾರ ಸೊಂಟ ಅಕ್ಕಾ?" ಎಂದು ಒಬ್ಬ ಹುಡುಗ ಕೇಳಿದ. "ನಂದೇ ಕಣೋ. ನಿಮ್ಮಪ್ಪಂದು ಅಳತೆಗೆ ಸಿಕ್ಕಲ್ಲ."

ಆ ಅಪ್ಪನೇ ನಮ್ಮ ಗೌಡರು. ರಾಮಕೃಷ್ಣನಗರದಲ್ಲಿ ಮನೆ, ಬಿಲ್ಡಿಂಗ್ ಕಂಟ್ರಾಕ್ಟು, ನಂಜನಗೂಡಿನ ಕಡೆ ಊರು, ಅಗಲವಾದ ಸೊಂಟ. ಮಗ ಮಹೇಶನನ್ನು ಇಂಡಿಯಾ ಟೀಮಿಗೆ ಸೇರಿಸಬೇಕು ಎಂದು ಬಂದವರು. ಎರಡನೆಯ ತಿಂಗಳಿಗೇ, "ನಮ್ ಹುಡ್ಗಂಗೆ ಡಬಲ್ ಪ್ರಮೋಷನ್ ಕೊಟ್ಬುಡಿ ಮೇಡಂ, ಮೊಣಕಾಲು ಯಾಕೆ, ಸೀದಾ ಸೊಂಟಕ್ಕೇ ಹಾಕಿ" ಎಂದರು. ಕೆಳಗಿನ ಕ್ಲಾಸಿನಲ್ಲಿ ತಪ್ಪಿಲ್ಲದೆ ಒಂದು ಸುತ್ತು ಮುಗಿಸದೆ ಮೇಲಿನ ಕ್ಲಾಸಿಗೆ ಹೋಗುವಂತಿಲ್ಲ, ಅದು ರೂಲು. ಅಕ್ಕ ರೂಲು ಹೇಳಲಿಲ್ಲ. "ಗೌಡ್ರೇ, ನೀವು ಫೌಂಡೇಷನ್ ಹಾಕ್ದೆ ಎಷ್ಟು ಮನೆ ಕಟ್ಟಿದ್ದೀರಿ?" ಎಂದರು. ಗೌಡರು ಟವೆಲ್ಲಿನಿಂದ ಮುಖ ಒರೆಸಿಕೊಂಡು ನಕ್ಕರು.

ಅವರ ಮೊದಲ ಪಾಠ ಮಾತ್ರ ನಮ್ಮಲ್ಲಿ ಯಾರಿಗೂ ಅರ್ಥವಾಗಲಿಲ್ಲ. ಬಯಲಿನಲ್ಲಿ ಹಾರುವುದನ್ನು ಕಲಿಸುವ ಮೊದಲು, ಆಟದಿಂದ ಹೊರಗೆ ಬರುವುದನ್ನು ಕಲಿಸುತ್ತಿದ್ದರು. ಕುದುರೆಗೆ ಏನೋ ಸರಿಯಿಲ್ಲ ಅನ್ನಿಸಿತು, ಅಥವಾ ನಿಮಗೇ ಅನ್ನಿಸಿತು. ಓಟದಿಂದ ತಗ್ಗಿಸಿ ನಡಿಗೆಗೆ ತನ್ನಿ. ಬಲಗೈ ಮೇಲಕ್ಕೆತ್ತಿ, ಬಯಲಿಗೆಲ್ಲ ಕಾಣುವ ಹಾಗೆ. ಎಡಗೈಯಲ್ಲಿ ಕುದುರೆಯ ಕುತ್ತಿಗೆ ತಟ್ಟಿ. ಬೇಲಿಯ ಬಾವುಟಗಳ ಹೊರಗಿನಿಂದ ಬಳಸಿಕೊಂಡು, ನಡಿಗೆಯಲ್ಲೇ ಮನೆಗೆ ಬನ್ನಿ. ಒಂದೇ ಒಂದು ಬೇಲಿ ಹಾರುವ ಮೊದಲು ಮಕ್ಕಳು ವಾರಗಟ್ಟಲೆ ಇದನ್ನೇ ಮಾಡುತ್ತಿದ್ದರು. ಅವಸರದಲ್ಲಿ ಬಂದರೆ ಮತ್ತೆ ಮಾಡಿಸುವರು. ತಲೆ ತಗ್ಗಿಸಿ ಬಂದರೆ ಮತ್ತೆ. ಕುತ್ತಿಗೆ ತಟ್ಟುವುದು ಮರೆತರೆ ಮತ್ತೆ.

"ಇದೇನ್ರೀ ಮೇಡಂ, ಸೋಲೋದ್ನೂ ಸ್ಕೂಲ್ಗೆ ಬಂದು ಕಲೀಬೇಕಾ? ಅದು ಅಂಗೇ ಬತ್ತದಲ್ಲ?" ಎಂದರು ಗೌಡರು.

"ಅಂಗೇ ಬರಲ್ಲ ಗೌಡ್ರೇ. ಹಾರೋದು ಅಂಗೇ ಬತ್ತದೆ, ಕುದ್ರೆಗೆ ಗೊತ್ತದು. ನಿಲ್ಸೋದೇ ಯಾರ್ಗೂ ಬರಾಕಿಲ್ಲ."

ಆಗಿನ ರೂಲಿನ ಪ್ರಕಾರ ಬಯಲಿನಲ್ಲಿ ಬಿದ್ದವರು ಮತ್ತೆ ಹತ್ತಿ ಮುಂದುವರಿಯಬಹುದಿತ್ತು. ಮಾರ್ಕು ಕಳೆಯುತ್ತಿದ್ದರು, ಅಷ್ಟೆ. ಅಕ್ಕನ ಬಯಲಿನಲ್ಲಿ ಬಿದ್ದವರು ಹತ್ತುವಂತಿಲ್ಲ. "ಪುಸ್ತಕ ಬುಟ್ರೂ ನಾನ್ ಬುಡಲ್ಲ" ಎನ್ನುವರು. ಎಷ್ಟೋ ವರ್ಷದ ಮೇಲೆ ಪುಸ್ತಕವೇ ಅವರ ದಾರಿಗೆ ಬಂತು, ಬಿದ್ದವರು ಆ ದಿನಕ್ಕೆ ಹೊರಗೆ ಎಂದಾಯಿತು ಎಂದು ಚಿತ್ರ ಹೇಳಿದಳು. ಅಕ್ಕನಿಗೆ ಆ ಸುದ್ದಿ ಮುಟ್ಟಿತೋ ಇಲ್ಲವೋ. ಮುಟ್ಟಿದ್ದರೂ, "ತಡ ಆಯ್ತು" ಎಂದಿರುತ್ತಾರೆ.

ನಾನು ಫೆನ್ಸ್ ಜಡ್ಜ್ ಆದದ್ದು ಹೀಗೆ. ಪ್ರತಿ ಬೇಲಿಯ ಹತ್ತಿರವೂ ಯಾರಾದರೂ ಕೂತು, ಕುದುರೆ ಹಾರಿತೇ, ನಿಂತಿತೇ, ಪಕ್ಕಕ್ಕೆ ಜಾರಿತೇ ಎಂದು ಬರೆಯಬೇಕು. ಒಮ್ಮೆ ನಿರಾಕರಿಸಿದರೆ ಇಪ್ಪತ್ತು ಮಾರ್ಕು ಕಡಿತ, ಅಲ್ಲೇ ಇನ್ನೊಮ್ಮೆ ನಿಂತರೆ ನಲವತ್ತು, ಮೂರನೆಯ ಸಲಕ್ಕೆ ಹೊರಗೆ. ಅಷ್ಟು ಜನರನ್ನು ಎಲ್ಲಿಂದ ತರುವುದು? ಅಪ್ಪ ಅಮ್ಮಂದಿರೇ ಗತಿ. "ಚಿತ್ರನ ಅಮ್ಮ, ನಿಮಗೆ ಕಾನ್ವೆಂಟ್ ಇಂಗ್ಲಿಷು ಬತ್ತದೆ. ಬಾಯಿ ಮುಚ್ಕೊಂಡು ಕೂತ್ಕೊಳ್ಳೋದ್ನೂ ಕಲ್ಸಿರ್ತಾರೆ. ನೀವೇ ಸರಿ" ಎಂದರು.

"ಅಲ್ಲ ಅಕ್ಕ, ನನ್ನ ಮಗಳೇ ಬಂದರೆ? ಕಾನ್‌ಫ್ಲಿಕ್ಟ್ ಆಫ್ ಇಂಟರೆಸ್ಟ್ ಆಗುವುದಿಲ್ಲವೇ?"

"ಇಲ್ಲಿ ಕೂತಿರೋರೆಲ್ಲ ಯಾರ್ಗೋ ಒಬ್ರಿಗೆ ಅಪ್ಪ ಅಮ್ಮನೇ ಕಣ್ರೀ. ನಿಮ್ ಮಗ್ಳು ಬಂದಾಗ ಪೆನ್ನು ಪಕ್ಕದೋರಿಗೆ ಕೊಡಿ. ಅವರ ಮಗ ಬಂದಾಗ ಅವರಿಂದ ಕಿತ್ಕೊಳ್ಳಿ."

ಪಕ್ಕದವರು ಗೌಡರು. ಬೇಲಿಯ ಎರಡು ಕಡೆ ಬಾವುಟ ಇರುತ್ತವೆ. ಸವಾರರ ಬಲಕ್ಕೆ ಕೆಂಪು, ಎಡಕ್ಕೆ ಬಿಳಿ, ಕುದುರೆ ಎರಡರ ನಡುವೆಯೇ ಹೋಗಬೇಕು. ನನಗೆ ಎಡಬಲ ಗೊಂದಲ, ಹುಟ್ಟುಗುಣ. ಅಕ್ಕ ಮಕ್ಕಳಿಗೆ ಹೇಳಿಕೊಡುತ್ತಿದ್ದುದನ್ನೇ ನನಗೂ ಹೇಳಿದರು: "ಬಲಕ್ಕೆ ಕುಂಕುಮ, ಎಡಕ್ಕೆ ವಿಭೂತಿ. ಮಧ್ಯ ದೇವ್ರು ಹೋಗ್ಲಿ." ಮತ್ತೆಂದೂ ತಪ್ಪಲಿಲ್ಲ.

ಇನ್ನೊಂದು ರೂಲು ಕಠಿಣ. ಸವಾರರಿಗೆ ಹೊರಗಿನವರು ಯಾರೂ ನೆರವಾಗುವಂತಿಲ್ಲ. ಕೂಗಿ ದಾರಿ ಹೇಳಿದರೂ ನೆರವೇ. ಮೊದಲ ವರ್ಷವೇ ಮಹೇಶ ಬಾವುಟ ಬಿಟ್ಟು ಬೇರೆ ಕಡೆ ತಿರುಗಿದ್ದನ್ನು ಕಂಡು ಗೌಡರು ಎದ್ದು ನಿಂತು, "ಎಡಕ್ ಎಳಿಯೋ, ಎಡಕ್ಕೇ!" ಎಂದು ಬೆಟ್ಟಕ್ಕೆ ಕೇಳುವ ಹಾಗೆ ಕೂಗಿದರು. ಅಕ್ಕ ಸಿಳ್ಳೆ ಊದಿ ಹುಡುಗನನ್ನು ಹೊರಗೆ ಹಾಕಿದರು. ಗೌಡರಿಗೆ ಕಣ್ಣಲ್ಲಿ ನೀರು. "ನಾನ್ ಹೆತ್ತ ಮಗಂಗೆ ದಾರಿ ತೋರಿಸ್ದೆ ಎಂಗೆ ಇರಾದು ಮೇಡಂ?"

"ಮನೇಲಿ ತೋರ್ಸಿ ಗೌಡ್ರೇ, ಎಷ್ಟಾರ ತೋರ್ಸಿ. ಒಳಕ್ಕೆ ಹೋದ್ಮೇಲೆ ಅವನು, ಅವನ ಕುದ್ರೆ. ಇಬ್ರೇಯ."

ಅಂದಿನಿಂದ ಗೌಡರು ಮಗ ಬರುವ ಹೊತ್ತಿಗೆ ಟವೆಲ್ಲಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಕೂರುತ್ತಿದ್ದರು.

ಚಿತ್ರ ಮೊಣಕಾಲಿನಿಂದ ತೊಡೆಗೆ, ತೊಡೆಯಿಂದ ಸೊಂಟಕ್ಕೆ ಏರಿದಳು. ಅವಳ ಕುದುರೆ ಬೆಲ್ಲ, ಕೆಂದು ಬಣ್ಣದ ಹೆಣ್ಣು ಕುದುರೆ, ಹಣೆಯ ಮೇಲೆ ಬಿಳಿ ಚುಕ್ಕೆ. ಮನೆಯಲ್ಲಿ ಹೂಂ, ಉಹೂಂ ಬಿಟ್ಟು ಮಾತನಾಡದ ಹುಡುಗಿ ಲಾಯದಲ್ಲಿ ಬೆಲ್ಲದ ಕಿವಿಯ ಹತ್ತಿರ ಗಂಟೆಗಟ್ಟಲೆ ಏನೋ ಹೇಳುತ್ತಿದ್ದಳು. ಏನೆಂದು ಅವಳನ್ನು ಕೇಳಿ ನನಗೆ ಹೇಳಿ ಎಂದರೆ ಅಕ್ಕ, "ಅವರಿಬ್ರ ಮಾತು, ನಿಮಗ್ಯಾಕೆ?" ಎನ್ನುವರು. ಐ ವಾಸ್ ಜೆಲಸ್. ಆದರೆ ಕ್ರಮೇಣ ಆ ಮಾತಿನ ಒಂದು ಚೂರು ಮನೆಗೂ ಬರತೊಡಗಿತು. ರಾತ್ರಿ ಊಟಕ್ಕೆ ಕೂತಾಗ ಜೀರಿಗೆ ಯಾರನ್ನು ಕಚ್ಚಿತು, ಕೊಬ್ಬರಿ ಎಲ್ಲಿ ಹಗ್ಗ ಬಿಚ್ಚಿಕೊಂಡು ಓಡಿತು. ನನಗೆ ನನ್ನ ಮಗಳನ್ನು ವಾಪಸ್ ಕೊಟ್ಟವರು ಅಕ್ಕ ಎಂದು ನಾನು ಆಗಲೇ ತೀರ್ಮಾನಿಸಿದ್ದೆ. ನಿಜವಾಗಿ ಕೊಟ್ಟದ್ದು ಆಮೇಲೆ.

ತೊಂಬತ್ತೆಂಟೋ ತೊಂಬತ್ತೊಂಬತ್ತೋ ಇರಬೇಕು, ದಸರೆ ಮುಗಿದ ಮೇಲಿನ ಚಳಿ. ಬೇರೆ ರಾಜ್ಯದಲ್ಲಿ ನಡೆಯುವ ಜೂನಿಯರ್ಸ್ ಸ್ಪರ್ಧೆಗೆ ಆಯ್ಕೆಯ ಸುತ್ತು ನಮ್ಮ ಮೈದಾನದಲ್ಲೇ. ಅಲ್ಲಿಗೆ ಹೋಗಲು ಇಲ್ಲಿ ಸೊಂಟದ ಕ್ಲಾಸಿನಲ್ಲಿ ತಪ್ಪಿಲ್ಲದ ಸುತ್ತು ಬೇಕು. ಚಿತ್ರನಿಗೆ ಜೂನಿಯರ್ಸ್ ವಯಸ್ಸು ಮುಗಿಯುವ ವರ್ಷ ಅದು. ಈ ಸಲ ತಪ್ಪಿದರೆ ಮತ್ತೆ ಇಲ್ಲ. ಅವಳು ಆ ಒಂದು ವರ್ಷ ಮದುವೆ ಮನೆ, ಸಿನಿಮಾ, ಗೆಳತಿಯರ ಬರ್ತ್‌ಡೇ ಎಲ್ಲ ಬಿಟ್ಟಿದ್ದಳು.

ಮೊದಲ ದಿನದ ಡ್ರೆಸಾಜಿನಲ್ಲಿ ಅವಳೇ ಮುಂದೆ. ಸೈನ್ಯದ ಜಡ್ಜು ನನ್ನ ಹತ್ತಿರ ಬಂದು "ಬ್ಯೂಟಿಫುಲ್ ಹ್ಯಾಂಡ್ಸ್, ಮ್ಯಾಡಮ್" ಎಂದರು. ಆ ರಾತ್ರಿ ನಾನು ಸೂಟ್‌ಕೇಸನ್ನು ಅಟ್ಟದಿಂದ ಇಳಿಸಿ ಧೂಳು ಒರೆಸಿದೆ.

ಎರಡನೆಯ ದಿನ ನಾನು, ಗೌಡರು ಕೊನೆಯಿಂದ ಎರಡನೆಯ ಬೇಲಿಯ ಹತ್ತಿರ. ದಿಬ್ಬ ಇಳಿದ ಕೂಡಲೇ ಸಿಗುವ ದಪ್ಪ ಮಾವಿನ ದಿಮ್ಮಿ. ದೂರದ ಬೇಲಿಯಿಂದ ಸಿಳ್ಳೆ ಕೇಳಿತು, ಚಿತ್ರ ಬರುತ್ತಿದ್ದಾಳೆ ಎಂದು. ಪೆನ್ನನ್ನು ಗೌಡರಿಗೆ ಕೊಟ್ಟೆ. ಅಲ್ಲಿಯವರೆಗೆ ಒಂದೂ ತಪ್ಪಿಲ್ಲ, ಹೊತ್ತೂ ಸರಿಯಾಗಿದೆ ಎಂದು ಹಿಂದಿನ ಬೇಲಿಯವರು ಕೈಸನ್ನೆ ಮಾಡಿದರು. ಮೊದಲು ನೆಲ ಅದುರಿತು. ಆಮೇಲೆ ದಿಬ್ಬದ ಮೇಲೆ ಬೆಲ್ಲದ ಕಿವಿ ಕಂಡವು, ಚಿತ್ರನ ಹೆಲ್ಮೆಟ್ ಕಂಡಿತು. ಇಳಿದು ಬಂದಳು. ಇನ್ನು ಈ ದಿಮ್ಮಿ, ಅದರಾಚೆ ಒಂದೇ ಒಂದು ಬೇಲಿ.

ದಿಮ್ಮಿಗೆ ಸ್ವಲ್ಪ ದೂರವಿರುವಾಗ ಅವಳು ಬೆನ್ನು ನೆಟ್ಟಗೆ ಮಾಡಿದಳು. ಓಟ ಕುಕ್ಕುಲೋಟಕ್ಕೆ ಇಳಿಯಿತು, ಕುಕ್ಕುಲೋಟ ನಡಿಗೆಗೆ. ಬಲಗೈ ಮೇಲಕ್ಕೆ ಹೋಯಿತು.

ಗೌಡರು ಟವೆಲ್ಲು ಕಚ್ಚಿಕೊಂಡೇ "ಅಯ್ಯೋ ಅಯ್ಯೋ" ಎಂದರು. ನಾನು ಕುರ್ಚಿಯ ಕೈಯನ್ನು ಹಿಡಿದುಕೊಂಡೆ. ಹಾರು, ಎರಡೇ ಇದೆ, ಹಾರು ಎಂದು ಕೂಗಬೇಕು ಅನ್ನಿಸಿತು. ಅಷ್ಟು ವರ್ಷ ಸಿಸ್ಟರ್ಸ್ ಕಲಿಸಿದ ಮೌನ, ಆ ಮೇಲೆ ಅಕ್ಕ ಕಲಿಸಿದ ಮೌನ, ಎರಡೂ ಸೇರಿ ನನ್ನ ಬಾಯಿಯನ್ನು ಮುಚ್ಚಿದವು. ಚಿತ್ರ ಎಡಗೈಯಲ್ಲಿ ಬೆಲ್ಲದ ಕುತ್ತಿಗೆ ತಟ್ಟುತ್ತ, ಬಾವುಟದ ಹೊರಗಿನಿಂದ ನಮ್ಮ ಕುರ್ಚಿಗಳ ಪಕ್ಕದಲ್ಲೇ ಹಾದುಹೋದಳು. "ಇಳಿಯುವಾಗ ಏನೋ ಬೇರೆ ಥರ ಅನ್ನಿಸ್ತಮ್ಮಾ" ಎಂದಳು. ತಲೆ ತಗ್ಗಿಸಿರಲಿಲ್ಲ.

ನಾನು ಹಿಂದೆಯೇ ಲಾಯಕ್ಕೆ ಹೋದೆ. ಹೊರಗಿನಿಂದ ಬಂದಿದ್ದ ವೆಟ್ ಆಗಲೇ ಬೆಲ್ಲದ ಕಾಲು ಹಿಡಿದು ನೋಡುತ್ತಿದ್ದರು. ಬಗ್ಗಿಸಿ, ಒತ್ತಿ, ಗಟ್ಟಿ ನೆಲದ ಮೇಲೆ ಓಡಿಸಿ ನೋಡಿದರು. ಏನೂ ಇಲ್ಲ. ಮರುದಿನ ಬೆಳಿಗ್ಗೆ ಕುದುರೆಗಳ ತಪಾಸಣೆಯ ಹೊತ್ತಿನಲ್ಲಿ ಬೆಲ್ಲಕ್ಕೆ ಬರುವ ಅಗತ್ಯವೇ ಇರಲಿಲ್ಲ. ಆದರೂ ಅಕ್ಕ ಅದನ್ನು ತರಿಸಿ ಎಲ್ಲರ ಮುಂದೆ ಓಡಿಸಿದರು. ನಾಲ್ಕು ಕಾಲೂ ಸರಿಯಾದ ತಾಳ. ಆಮೇಲೂ ಏನೂ ಬರಲಿಲ್ಲ, ಬಾವು ಇಲ್ಲ, ಕುಂಟಿಲ್ಲ. ಬೆಲ್ಲ ಅದಾದ ಮೇಲೆ ಎಷ್ಟೋ ವರ್ಷ ಚೆನ್ನಾಗಿಯೇ ಇತ್ತು. ನನಗೆ ಇದನ್ನು ಹೀಗೆ ಬರೆಯುವುದು ಇಷ್ಟವಿಲ್ಲ. ಕಾಲು ಬಾತಿತ್ತು, ನನ್ನ ಮಗಳು ಕುದುರೆಯ ಜೀವ ಉಳಿಸಿದಳು ಎಂದು ಬರೆಯಲು ಆಸೆ. ಆದರೆ ಬಾತಿರಲಿಲ್ಲ.

ಜನ ಬಿಡುತ್ತಾರೆಯೇ? ಹುಡುಗಿಗೆ ಕೊನೆಗೆ ಧೈರ್ಯ ಕೈಕೊಟ್ಟಿತು ಎಂದರು. ಗೆದ್ದೇಬಿಡುತ್ತೇನೆ ಎಂದು ಹೆದರಿದಳು ಎಂದು ಒಬ್ಬರು ಸೈಕಾಲಜಿ ಹೇಳಿದರು. ನಾನೂ ಸುಮ್ಮನಿರಲಿಲ್ಲ. ಚಿತ್ರ ಕೈ ಎತ್ತಿದ ದಿನದ ಸಂಜೆಯೇ ಲಾಯದಲ್ಲಿ ಅಕ್ಕ ಹುರುಳಿ ನೆನೆಹಾಕುತ್ತಿದ್ದಾಗ ಹೋಗಿ ನಿಂತೆ. "ನೀವು ಮೊದಲ ದಿನದಿಂದ ಅದೇ ಪಾಠ ಮಾಡಿದಿರಿ. ಅವಳು ಅದನ್ನೇ ಕಲಿತಳು. ನಿಮ್ಮ ಗೌಡರು ಹೇಳಿದ್ದೇ ಸರಿ" ಎಂದೆ. ಐ ವಾಸ್ ಫ್ಯೂರಿಯಸ್.

ಅಕ್ಕ ಬಕೆಟ್ಟಿನಿಂದ ಕೈ ತೆಗೆಯಲಿಲ್ಲ. "ಕುದ್ರೆಗೆ ಏನಾರ ಆಗಿದ್ರೆ ನಿಮಗೆ ಸಮಾಧಾನ ಆಗೋದು, ಅಲ್ವಾ?" ಎಂದರು.

ನಾನು ಬೆಲ್ಲದ ಕಡೆ ತಿರುಗಿದೆ.

"ಏನೂ ಆಗಿಲ್ಲ, ಬುಡಿ. ಅವ್ಳಿಗೆ ಅನ್ನಿಸ್ತು, ನಿಲ್ಸಿದ್ಳು. ಮೇಲೆ ಕೂತಿದ್ದೋಳು ಅವ್ಳು. ನಾವಲ್ಲ." ಇನ್ನೊಮ್ಮೆ ಹುರುಳಿಯಲ್ಲಿ ಕೈಯಾಡಿಸಿದರು. "ಇವತ್ತು ಯಾಕೆ ನಿಲ್ಸಿದೆ ಅಂತ ಕೇಳಿದ್ರೆ, ನಾಳೆ ನಿಲ್ಸಾಕೆ ಮುಂಚೆ ಕಾರಣ ಹುಡುಕ್ತಾಳೆ ಕಣಮ್ಮ. ಕಾರಣ ಸಿಗೋ ಹೊತ್ಗೆ ಬೇಲಿ ಬಂದ್ಬುಟ್ಟಿರ್ತದೆ."

ಆಮೇಲೆ ಗೊತ್ತಾಯಿತು, ಚಿತ್ರ ಬೆಲ್ಲವನ್ನು ಲಾಯಕ್ಕೆ ತಂದಾಗ ಅಕ್ಕ ಅವಳನ್ನು ಕೇಳಿದ್ದು ಒಂದೇ ಪ್ರಶ್ನೆ: "ಚೆನ್ನಾಗಿ ನಡೆಸ್ಕೊಂಡು ಬಂದ್ಯಾ?" ಹೂಂ ಎಂದಳಂತೆ. "ಸರಿ, ಜೀನು ಇಳ್ಸು." ಅಷ್ಟೆ. ಆ ವಿಷಯ ಅವರು ಮತ್ತೆಂದೂ ಎತ್ತಲಿಲ್ಲ.

ಸೂಟ್‌ಕೇಸು ಅಟ್ಟಕ್ಕೆ ಹೋಯಿತು. ಮಹೇಶ ಆ ವರ್ಷ ಆಯ್ಕೆಯಾಗಿ ಹೋಗಿ, ಮೊದಲ ದಿನದ ಡ್ರೆಸಾಜಿನಲ್ಲೇ ದಾರಿ ಮರೆತು ವಾಪಸ್ ಬಂದ. "ಅಲ್ಲಿ ಬೆಲ್ಲು ಹೊಡೀತಾರಂತೆ, ಜಾಗ್ಟೆ ಹೊಡ್ದಿದ್ರೆ ಮರೀತಿರ್ಲಿಲ್ಲ" ಎಂದು ಗೌಡರು ಇಂದಿಗೂ ವಾದಿಸುತ್ತಾರೆ.

ಚಿತ್ರ ಫಿಸಿಯೋಥೆರಪಿ ಓದಿದಳು. ಎರಡು ಸಾವಿರದ ನಾಲ್ಕರಲ್ಲಿ ಮದುವೆ ಮಾಡಿದೆ. ಒಳ್ಳೆಯ ಮನೆ, ಎಲ್ಲರೂ ಮೆಚ್ಚಿದ ಸಂಬಂಧ, ಹೊರಗಿನಿಂದ ಯಾರೇ ನೋಡಿದರೂ ಒಂದು ಬಾವು ಇಲ್ಲ, ಕುಂಟಿಲ್ಲ. ವರ್ಷ ತುಂಬುವ ಮೊದಲೇ ಒಂದು ಮಧ್ಯಾಹ್ನ ನಮ್ಮ ಮನೆಯ ಮುಂದೆ ಆಟೋ ನಿಂತಿತು. ಇಳಿದವಳು ಚಿತ್ರ, ಕೈಯಲ್ಲಿ ಅದೇ ಹಳೆಯ ಸೂಟ್‌ಕೇಸು. ಗೇಟಿನಿಂದ ಬಾಗಿಲವರೆಗೆ ನಡೆದು ಬಂದಳು. ಓಡಲಿಲ್ಲ, ಅಳಲಿಲ್ಲ. ಎದುರು ಮನೆಯವರು ಕಿಟಕಿಯಲ್ಲಿ ನಿಂತದ್ದು ನನಗೆ ಕಂಡಿತು, ಅವಳಿಗೂ ಕಂಡಿರಬೇಕು. ತಲೆ ತಗ್ಗಿಸಿರಲಿಲ್ಲ.

ಏನಾಯಿತು, ಹೊಡೆದನೇ, ಏನಾದರೂ ಅಂದರೇ, ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಬಾರದಿತ್ತೇ, ಇನ್ನು ಜನಕ್ಕೆ ಏನು ಹೇಳುವುದು. ನನ್ನಮ್ಮ ಕೇಳುತ್ತಿದ್ದ, ಅವರಮ್ಮ ಕೇಳುತ್ತಿದ್ದ ಎಲ್ಲ ಪ್ರಶ್ನೆಗಳೂ ಸಾಲಾಗಿ ನಿಂತವು. ಆದರೆ ಬಾಯಿಂದ ಬಂದದ್ದು ಬೇರೆಯವರ ಮಾತು.

"ಚೆನ್ನಾಗಿ ಬಂದ್ಯಾ ಮಗಳೇ?"

"ಹೂಂ ಅಮ್ಮ."

"ಸರಿ, ಒಳಗೆ ಬಾ. ಸಾರು ಬಿಸಿ ಇದೆ."

ಊಟ ಮುಗಿಸಿ, ತಟ್ಟೆ ತೊಳೆದಿಟ್ಟು, ಅವಳಾಗಿಯೇ ಹೇಳಿದಳು. ಏನು ಹೇಳಿದಳು ಎನ್ನುವುದು ಅವಳ ಮಾತು, ಇಲ್ಲಿ ಬರೆಯುವಂಥದ್ದಲ್ಲ. ಒಂದನ್ನು ಮಾತ್ರ ಬರೆಯುತ್ತೇನೆ. "ನೀನು ಮೊದಲು ಯಾಕೆ ಅಂತ ಕೇಳಿದ್ದಿದ್ರೆ, ಬಾಗಿಲಿಂದಲೇ ವಾಪಸ್ ಹೋಗ್ತಿದ್ದೆ ಅಮ್ಮ. ಅಲ್ಲಿಗಲ್ಲ. ಎಲ್ಲಿಗೋ ಗೊತ್ತಿಲ್ಲ" ಎಂದಳು. ಅವಳು ಈಗ ಸರಸ್ವತಿಪುರಂನಲ್ಲಿ ಕ್ಲಿನಿಕ್ ನಡೆಸುತ್ತಾಳೆ, ಸಂಜೆ ಮನೆಗೆ ಬಂದು ನನ್ನ ಮಂಡಿಗೆ ಬಯ್ಯುತ್ತ ಎಕ್ಸರ್‌ಸೈಜ್ ಮಾಡಿಸುತ್ತಾಳೆ. ಪ್ರತಿ ಸಂಜೆ ಗೇಟಿನ ಚಿಲಕದ ಸದ್ದು ಕೇಳಿದಾಗ ನಾನು ಒಬ್ಬರಿಗೆ ಮನಸ್ಸಿನಲ್ಲೇ ಥ್ಯಾಂಕ್ಸ್ ಹೇಳುತ್ತೇನೆ.

ಎದುರಿಗೂ ಒಮ್ಮೆ ಹೇಳಲು ಹೋಗಿದ್ದೆ. ಅಕ್ಕ ನಾಚಿಕೊಂಡು, ಮೆಣಸಿನ ಗೊರಸು ನೋಡುವ ನೆಪದಲ್ಲಿ ಬಗ್ಗಿಬಿಟ್ಟರು. "ನಾನ್ ಕುದ್ರೆಗೆ ಹೇಳ್ಕೊಟ್ಟಿದ್ದು ಕಣ್ರೀ. ನೀವೆಲ್ಲ ಯಾಕೆ ಕಲ್ತ್ರಿ?"

ಅವರನ್ನು ಕೊನೆಯ ಸಲ ಕಂಡದ್ದು ಎರಡು ಸಾವಿರದ ಆರೋ ಏಳೋ. ಒಂದು ಶನಿವಾರ ಫೋನು ಬಂತು. "ಚಿತ್ರನ ಅಮ್ಮ, ನಾಳೆ ಬೆಳಿಗ್ಗೆ ಬನ್ನಿ. ಒಂದ್ ಜಡ್ಜ್ ಬೇಕಾಗೈತೆ." ಸ್ಪರ್ಧೆ ಏನೂ ಇರಲಿಲ್ಲವಲ್ಲ ಎಂದುಕೊಂಡೇ ಹೋದೆ. ಲಾಯದಲ್ಲಿ ಬೆಲ್ಲ ಒಂದೇ ಇತ್ತು. ಉಳಿದ ಕುದುರೆಗಳನ್ನು ಒಳ್ಳೆಯ ಮನೆಗಳು ಸಿಕ್ಕಿದ ಕಡೆ ಕೊಟ್ಟಿದ್ದರು. ಬೆಲ್ಲವನ್ನು ಗೌಡರು ನಂಜನಗೂಡಿನ ಕಡೆಯ ತಮ್ಮ ತೋಟಕ್ಕೆ ಒಯ್ಯುವವರಿದ್ದರು. ಅವರೇ ಕೇಳಿ ಪಡೆದದ್ದು.

"ಕಣ್ಣು ಮಂಜಾಯ್ತು ಕಣ್ರೀ" ಎಂದರು ಅಕ್ಕ, ಹವಾಮಾನ ಹೇಳುವ ಹಾಗೆ. "ಡಾಕ್ಟ್ರು ಒಳಗಿನ ಪರದೆ ಹೋಗೈತೆ ಅಂದ್ರು, ಆಪರೇಷನ್ಗೂ ಬರಲ್ವಂತೆ. ಹೋದ್ ವಾರ ದೂರದಿಂದ ನೋಡಿದ್ರೆ ಕುಂಕುಮ ಯಾವ್ದು ವಿಭೂತಿ ಯಾವ್ದು ಗೊತ್ತಾಗ್ನಿಲ್ಲ. ಮಕ್ಕಳನ್ನ ಅದರ ಮಧ್ಯ ಕಳ್ಸೋಳು ನಾನು."

ಇನ್ನೊಬ್ಬ ಡಾಕ್ಟರನ್ನು ನೋಡೋಣ, ಮದ್ರಾಸಿಗೆ ಹೋಗೋಣ, ಸಹಾಯಕ್ಕೆ ಯಾರನ್ನಾದರೂ ಇಟ್ಟುಕೊಳ್ಳಿ, ಎಲ್ಲವೂ ನಾಲಿಗೆಯ ತುದಿಗೆ ಬಂತು. ಅಲ್ಲೇ ನಿಂತಿತು. ಅವರು ಚಾಮರಾಜನಗರದಲ್ಲಿದ್ದ ತಂಗಿಯ ಮನೆಗೆ ಹೋಗುವುದು ಆಗಲೇ ತೀರ್ಮಾನವಾಗಿತ್ತು. ಅಲ್ಲಿಂದ ಆಮೇಲೆ ಒಂದೆರಡು ಸಲ ಫೋನಿನಲ್ಲಿ ಮಾತಾಡಿದರು, ಅಷ್ಟೆ.

ಜಾಗಟೆಯನ್ನು ನನ್ನ ಕೈಗೆ ಕೊಟ್ಟರು. ಅಷ್ಟು ವರ್ಷದಲ್ಲಿ ಯಾರಿಗೂ ಕೊಟ್ಟವರಲ್ಲ. "ಒಂದೇ ಏಟು. ಆಮೇಲೆ ಹೋಗಿ ದಿಮ್ಮಿ ಹತ್ರ ಕೂತ್ಕೊಳ್ಳಿ, ಚೇರ್ ಹಾಕಿದ್ದೀನಿ."

ಬಡಿದೆ. ಢಣ್ ಎಂದಿತು. ಬೆಲ್ಲ ಮೂಗಿನಿಂದ ಗಾಳಿ ಬಿಟ್ಟಿತು. ಅಕ್ಕ ಅದರ ಮೇಲೆ, ವಿಭೂತಿ, ಹೆಲ್ಮೆಟ್, ಮಾಸಿದ ಬ್ರೀಚಸ್ ಪ್ಯಾಂಟು. ಬಯಲಿನಲ್ಲಿ ಮೊಣಕಾಲು ಕ್ಲಾಸಿನ ಎರಡು ಸಣ್ಣ ದಿಮ್ಮಿಗಳನ್ನು ಬೆಲ್ಲ ತಾನೇ ನೋಡಿಕೊಂಡು, ಮುದುಕಿ ಹೊಸಿಲು ದಾಟುವ ಹಾಗೆ ದಾಟಿತು. ನಾನು ಅಷ್ಟರಲ್ಲಿ ಬಂದು ನನ್ನ ಹಳೆಯ ಜಾಗದಲ್ಲಿ ಕೂತಿದ್ದೆ. ಪಕ್ಕದಲ್ಲಿ ಗೌಡರಿಲ್ಲ, ಪೆನ್ನಿಲ್ಲ. ದಿಬ್ಬದ ಮೇಲೆ ಕಿವಿ ಕಂಡವು, ಹೆಲ್ಮೆಟ್ ಕಂಡಿತು. ಇಳಿದು ಬಂದರು. ದಿಮ್ಮಿ ಎದುರಿಗಿತ್ತು, ಎರಡು ಬಾವುಟವೂ ಇದ್ದವು. ಬೆಳಿಗ್ಗೆ ಅವರೇ ನೆಟ್ಟಿದ್ದರು, ಸರಿಯಾಗಿ, ಕುಂಕುಮ ಬಲಕ್ಕೆ.

ಕುಕ್ಕುಲೋಟ ನಡಿಗೆಯಾಯಿತು. ಬಲಗೈ ಮೇಲಕ್ಕೆ ಹೋಯಿತು, ಪೂರ್ತಿ ನೆಟ್ಟಗೆ, ಖಾಲಿ ಬಯಲಿಗೆಲ್ಲ ಕಾಣುವ ಹಾಗೆ. ಎಡಗೈ ಬೆಲ್ಲದ ಕುತ್ತಿಗೆ ತಟ್ಟುತ್ತಿತ್ತು. ಬನ್ನಿ ಎಂದು ಕರೆಯಲಿಲ್ಲ, ಹಾರಿ ಎನ್ನಲಿಲ್ಲ, ಎದ್ದು ನಿಂತೆ. ಅವರು ಬಾವುಟದ ಹೊರಗಿನಿಂದ ಬಳಸಿಕೊಂಡು ನನ್ನ ಪಕ್ಕಕ್ಕೆ ಬಂದರು.

"ಚೆನ್ನಾಗಿ ನಡೆಸ್ಕೊಂಡು ಬಂದ್ರಾ ಅಕ್ಕ?" ಎಂದೆ.

ಧ್ವನಿ ಬಂದ ಕಡೆಗೆ ಮುಖ ತಿರುಗಿಸಿ ನಕ್ಕರು. ಮೂರು ಪಟ್ಟೆ ಆಗಲೇ ಒಂದಾಗಿತ್ತು.

"ಇದು ನಡೆಸ್ಕೊಂಡು ಬಂತು ಕಣ್ರೀ. ನಾನು ಬರೀ ಕೈ ಎತ್ತಿದ್ದು."